ಆ ಎಂಟು ಸ್ವರ ಎಲ್ಲಿ ಎಡವುತ್ತಿದೆ? 'ಸ್ವೀಟ್ ಚೈಲ್ಡ್ ಓ ಮೈನ್' ರಿಫ್‌ನ ದೋಷ ಹುಡುಕುವ ಬಗೆ

ನನ್ನ ಅಕ್ಕನ ಮಗ ಹಾಸನದಲ್ಲಿದ್ದಾನೆ. ಗಿಟಾರ್ ಹಿಡಿದು ಒಂದೂವರೆ ವರ್ಷ ಆಯಿತು. ಒಂದು ರಾತ್ರಿ ವಾಟ್ಸಾಪ್‌ನಲ್ಲಿ 'ಸ್ವೀಟ್ ಚೈಲ್ಡ್ ಓ ಮೈನ್' ಹಾಡಿನ ಶುರುವಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು, ನುಡಿಸಿದ ಮೂವತ್ತು ಸೆಕೆಂಡಿನ ರೆಕಾರ್ಡಿಂಗ್ ಕಳಿಸಿದ. ಜೊತೆಗೆ ಒಂದು ಸಾಲು: "ಮಾವ, ಎಲ್ಲಾ ಫ್ರೆಟ್ ಸರಿಯಾಗೇ ಒತ್ತುತಾ ಇದೀನಿ. ಆದ್ರೂ ಐದನೇ ಸ್ವರ ಪ್ರತಿ ಸಲ ಕೈಕೊಡುತ್ತೆ. ಎಲ್ಲಿ ತಪ್ಪು?"

ಫ್ರೆಟ್ ಅಂದರೆ ಗಿಟಾರ್‌ನ ನೆಕ್ (ಕತ್ತು) ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ. ನಾಲ್ಕೈದು ಸಲ ಕೇಳಿದೆ. ಐದನೇ ಸ್ವರ ತಪ್ಪುತ್ತಿದ್ದದ್ದು ನಿಜ. ಆದರೆ ತಪ್ಪು ಐದನೇ ಸ್ವರದಲ್ಲಿ ಇರಲಿಲ್ಲ. ನಾಲ್ಕನೇ ಸ್ವರ ಹೊಡೆದ ಮೇಲೆ ಅವನ ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹೋಗಿ ನಿಲ್ಲುತ್ತಿದ್ದ ಜಾಗದಲ್ಲಿ ಇತ್ತು. ಈ ರಿಫ್ ವಿಷಯದಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕಿವಿಗೆ ತಪ್ಪು ಕೇಳಿಸುವ ಜಾಗ ಒಂದು, ತಪ್ಪು ಹುಟ್ಟುವ ಜಾಗ ಇನ್ನೊಂದು. ಹುಟ್ಟುವ ಜಾಗ ಹೆಚ್ಚಿನ ಸಲ ಒಂದು ಸ್ವರ ಹಿಂದೆ ಇರುತ್ತದೆ. ಅದಕ್ಕೇ ಕೇಳಿಸಿದ ಸ್ವರವನ್ನೇ ನೂರು ಸಲ ತಿಕ್ಕಿದರೂ ಸರಿಯಾಗುವುದಿಲ್ಲ.

ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ರಿಫ್ ಏನು ಅಂತ ನೋಡೋಣ

ಗನ್ಸ್ ಎನ್ ರೋಸಸ್ ಎಂಬ ಅಮೆರಿಕದ ರಾಕ್ ತಂಡದ ಮೊದಲ ಆಲ್ಬಮ್ 'ಅಪೆಟೈಟ್ ಫಾರ್ ಡಿಸ್ಟ್ರಕ್ಷನ್' 1987ರಲ್ಲಿ ಬಂತು. ಹಾಡು ಅದರಲ್ಲಿದೆ. 1988ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಲಾಸ್ ಏಂಜಲಿಸ್‌ನಲ್ಲಿ ತಂಡದ ಗಿಟಾರ್ ವಾದಕ ಸ್ಲ್ಯಾಶ್ ಸುಮ್ನೆ ಗಿಟಾರ್ ಮೇಲೆ ಕೈಯಾಡಿಸುತ್ತಿದ್ದಾಗ ಹುಟ್ಟಿದ ತುಣುಕು ಇದು. ತಂಡದ ಇನ್ನೊಬ್ಬ ಗಿಟಾರ್ ವಾದಕ ಇಝಿ ಸ್ಟ್ರ್ಯಾಡ್ಲಿನ್ ಅದರ ಕೆಳಗೆ, ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್‌ಗಳನ್ನು ಸೇರಿಸಿದರು.

ತೆಳು ತಂತಿಯನ್ನು 1 ಅಂತಲೂ ದಪ್ಪ ತಂತಿಯನ್ನು 6 ಅಂತಲೂ ಎಣಿಸೋಣ. ಕೆಳಗಿನ ಪ್ರತಿ ಜೋಡಿಯಲ್ಲಿ ಮೊದಲ ಅಂಕಿ ತಂತಿ, ಎರಡನೆಯದು ಫ್ರೆಟ್:

4–12, 2–15, 3–14, 3–12, 1–15, 3–14, 1–14, 3–14

ಇಷ್ಟೇ, ಎಂಟು ಸ್ವರ, ಒಂದು ಸಾಲು. ಒಂದು ತಾಳದ ಬೀಟಿಗೆ ಎರಡು ಸ್ವರದಂತೆ ನಾಲ್ಕು ಬೀಟ್. ಇದನ್ನು ಎರಡು ಸಲ ನುಡಿಸಬೇಕು. ಆಮೇಲೆ ಮೊದಲ ಸ್ವರ ಮಾತ್ರ 4–14 ಆಗುತ್ತದೆ, ಅದು ಎರಡು ಸಲ. ಆಮೇಲೆ ಮೊದಲ ಸ್ವರ 3–12, ಅದೂ ಎರಡು ಸಲ. ಕೊನೆಗೆ ಮತ್ತೆ 4–12 ಎರಡು ಸಲ. ಉಳಿದ ಏಳು ಸ್ವರ ಎಲ್ಲೂ ಬದಲಾಗುವುದಿಲ್ಲ.

ಮೊದಲ ಸ್ವರ ಯಾಕೆ ಬದಲಾಗುತ್ತದೆ ಅಂತ ತಿಳಿದರೆ ನೆನಪಿಡುವುದು ಸುಲಭ. ಕೆಳಗೆ ಓಡುವ ಕಾರ್ಡ್‌ಗಳು ಡಿ, ಸಿ, ಜಿ, ಡಿ. ಡಿ ಕಾರ್ಡ್ ಇದ್ದಾಗ ಮೊದಲ ಸ್ವರ ಡಿ. ಸಿ ಕಾರ್ಡ್ ಬಂದಾಗ ಅದರೊಳಗಿನ ಇ. ಜಿ ಕಾರ್ಡ್ ಬಂದಾಗ ಜಿ. ಅಂದರೆ ಪ್ರತಿ ಸಾಲಿನ ಬುಡ ಕಾರ್ಡಿನ ಜೊತೆ ನಡೆಯುತ್ತದೆ, ಮೇಲಿನ ಹೆಣಿಗೆ ಹಾಗೇ ಉಳಿಯುತ್ತದೆ.

ಕರ್ನಾಟಕ ಸಂಗೀತದ ಪಾಠ ಸ್ವಲ್ಪ ಆಗಿರುವವರಿಗೆ ಇನ್ನೊಂದು ದಾರಿ ಇದೆ. ಡಿ ಯನ್ನು ಷಡ್ಜ ಅಂದುಕೊಳ್ಳಿ. ಎಂಟು ಸ್ವರ ಹೀಗೆ ಬರುತ್ತವೆ: ಸ ಸ ಪ ಮ ಮ ಪ ಗ ಪ. ಇದರಲ್ಲಿ ಎರಡನೇ ಸ, ಎರಡನೇ ಮ, ಮತ್ತೆ ಗ ಮೂರೂ ತಾರಸ್ಥಾಯಿ. ಕೆಳಗಿನ ಕಾರ್ಡ್‌ಗಳ ಸ್ವರಗಳನ್ನೂ ಸೇರಿಸಿಕೊಂಡರೆ ಹರಿಕಾಂಭೋಜಿಯ ಏಳು ಸ್ವರ ಸಿಗುತ್ತವೆ. ಗಮಕ ಇಲ್ಲ, ರಾಗದ ನಡೆ ಇಲ್ಲ, ಸ್ವರಗಳು ಮಾತ್ರ ಅವೇ. ನನಗೆ ಈ ರಿಫ್ ನೆನಪಿಸುವುದು ದಾಟು ವರಸೆಯನ್ನು. ಪಕ್ಕದ ಸ್ವರಕ್ಕೆ ಹೋಗದೆ ದಾಟಿ ದಾಟಿ ಹೋಗುವ ವರಸೆ ಅದು. ಇಲ್ಲಿ ಗಂಟಲಿನ ಬದಲು ಪಿಕ್ ತಂತಿಗಳನ್ನು ದಾಟುತ್ತದೆ.

ಹಾಗಾಗಿ ಮೊದಲ ಪರೀಕ್ಷೆಗೆ ಗಿಟಾರ್ ಬೇಕಾಗಿಲ್ಲ. ಕೈ ಕಟ್ಟಿ ಕೂತು ಎಂಟು ಸ್ವರವನ್ನು ಬಾಯಲ್ಲಿ ಹಾಡಿ. ಸ್ವರದ ಹೆಸರು ಬೇಡವಾದರೆ ಲಲಲ ಅಂದರೂ ಸಾಕು. ನಾಲ್ಕನೇ ಸ್ವರದ ಹತ್ತಿರ ನಿಂತುಹೋದರೆ, ದೋಷ ಬೆರಳಲ್ಲಿ ಇಲ್ಲ, ನೆನಪಿನಲ್ಲಿ ಇದೆ. ಟ್ಯಾಬ್ (ಮೇಲಿನಂಥ ತಂತಿ-ಫ್ರೆಟ್ ಅಂಕಿಗಳ ಬರಹ) ನೋಡಿ ಕಲಿತವರಿಗೆ ಇದು ಜಾಸ್ತಿ. ಅಂಕಿ ನೆನಪಿರುತ್ತದೆ, ಸ್ವರ ನೆನಪಿರುವುದಿಲ್ಲ. ಅಂಥವರು ಎರಡು ದಿನ ಗಿಟಾರ್ ಮುಟ್ಟದೆ ಹಾಡಲಿ. ನಿಜವಾಗಲೂ ವ್ಯತ್ಯಾಸ ಗೊತ್ತಾಗುತ್ತದೆ.

"ಒಬ್ಬನೇ ನುಡಿಸಿದರೆ ಚೆನ್ನಾಗಿದೆ, ಹಾಡಿನ ಜೊತೆ ನುಡಿಸಿದರೆ ಕರ್ಕಶ"

ಇದು ಎಲ್ಲಕ್ಕಿಂತ ಸುಲಭವಾದ ದೋಷ. ಆದರೂ ವಾರಗಟ್ಟಲೆ ತಲೆ ಕೆಡಿಸುತ್ತದೆ. ರೆಕಾರ್ಡಿಂಗ್‌ನಲ್ಲಿ ಗಿಟಾರ್‌ಗಳು ಅರ್ಧ ಸ್ವರ ಕೆಳಗೆ ಇಳಿಸಿದ ಶ್ರುತಿಯಲ್ಲಿವೆ. ಆರೂ ತಂತಿ ಇ ಫ್ಲಾಟ್, ಎ ಫ್ಲಾಟ್, ಡಿ ಫ್ಲಾಟ್, ಜಿ ಫ್ಲಾಟ್, ಬಿ ಫ್ಲಾಟ್, ಇ ಫ್ಲಾಟ್. ನಿಮ್ಮ ಗಿಟಾರ್ ಮಾಮೂಲಿ ಶ್ರುತಿಯಲ್ಲಿದ್ದರೆ ಪ್ರತಿ ಸ್ವರವೂ ಹಾಡಿಗಿಂತ ಅರ್ಧ ಸ್ವರ ಮೇಲೆ ಇರುತ್ತದೆ. ನೀವು ಎಷ್ಟೇ ಶುದ್ಧವಾಗಿ ನುಡಿಸಿದರೂ ಜಗಳ ತಪ್ಪುವುದಿಲ್ಲ.

ಟ್ಯೂನರ್ ಆಪ್‌ನಲ್ಲಿ ನೋಡಿ. ಆರನೇ ತಂತಿ 82.4 ಹರ್ಟ್ಸ್‌ನಿಂದ 77.8ಕ್ಕೆ ಇಳಿಯಬೇಕು. ಒಂದನೇ ತಂತಿ 329.6ರಿಂದ 311.1ಕ್ಕೆ. ಎಲ್ಲಾ ಇಳಿಸಿದ ಮೇಲೆ ಮತ್ತೊಂದು ಸುತ್ತು ಟ್ಯೂನ್ ಮಾಡಿ, ಯಾಕೆಂದರೆ ಒಂದು ತಂತಿ ಸಡಿಲವಾದಾಗ ಉಳಿದವು ಸ್ವಲ್ಪ ಮೇಲೇರುತ್ತವೆ. ಸ್ಪ್ರಿಂಗ್ ಮೇಲೆ ತೇಲುವ ಟ್ರೆಮೊಲೊ ಬ್ರಿಡ್ಜ್ ಇರುವ ಗಿಟಾರ್ ಆದರೆ ಈ ಏರಿಳಿತ ತುಂಬಾ ಜಾಸ್ತಿ. ನಾಲ್ಕೈದು ಸುತ್ತು ಬೇಕಾಗಬಹುದು, ಹಿಂಬದಿಯ ಸ್ಪ್ರಿಂಗ್ ಸಹ ಸ್ವಲ್ಪ ಸಡಿಲ ಮಾಡಬೇಕಾಗಬಹುದು. ಅಂಥ ಗಿಟಾರ್ ಇದ್ದರೆ ಅದನ್ನು ಮುಟ್ಟಬೇಡಿ. ಹಾಡನ್ನೇ ಅರ್ಧ ಸ್ವರ ಮೇಲೆ ಏರಿಸುವ ಆಪ್ ಬಳಸುವುದು ವಾಸಿ.

ಶ್ರುತಿ ಇಳಿಸಿದಾಗ ತಂತಿಯ ಬಿಗಿ ಸುಮಾರು 11% ಕಮ್ಮಿ ಆಗುತ್ತದೆ. ಬೆರಳಿಗೆ ಹಿತ. ಆದರೆ ಇದರಿಂದ ಹೊಸದೊಂದು ದೋಷ ಹುಟ್ಟುತ್ತದೆ. ಮೊದಲಿನಷ್ಟೇ ಜೋರಾಗಿ ಒತ್ತಿದರೆ ತಂತಿ ಬಾಗಿ ಸ್ವರ ಮೇಲಕ್ಕೆ ಹೋಗುತ್ತದೆ. "ಟ್ಯೂನರ್ ಸರಿ ತೋರಿಸುತ್ತೆ, ಫ್ರೆಟ್ ಒತ್ತಿದರೆ ಅಪಸ್ವರ" ಅನ್ನುವವರ ಸಮಸ್ಯೆ ಹೆಚ್ಚಾಗಿ ಇದೇ. ಹೀಗೆ ಮಾಡಿ: ಫ್ರೆಟ್ ಮೇಲೆ ಬೆರಳಿಡಿ, ಒತ್ತಬೇಡಿ. ತಂತಿ ಮೀಟುತ್ತಾ ನಿಧಾನವಾಗಿ ಒತ್ತಡ ಕೂಡಿಸಿ. ಸ್ವರ ಸ್ವಚ್ಛವಾಗಿ ಕೇಳಿದ ಕ್ಷಣ ನಿಲ್ಲಿಸಿ. ಅಷ್ಟೇ ಸಾಕು. ಬಹಳ ಜನ ಅದರ ಎರಡರಷ್ಟು ಒತ್ತುತ್ತಾರೆ.

ಗಿಟಾರ್‌ನಲ್ಲೇ ದೋಷ ಇದೆಯಾ?

ನಮ್ಮ ಕೈಯನ್ನು ಬೈಯುವ ಮೊದಲು ವಾದ್ಯವನ್ನು ನೋಡಬೇಕು. ಈ ರಿಫ್‌ನಲ್ಲೇ ಅದಕ್ಕೆ ಒಂದು ಚಂದದ ಪರೀಕ್ಷೆ ಅಡಗಿದೆ. ಮೊದಲ ಎರಡು ಸ್ವರ, 4–12 ಮತ್ತು 2–15, ಒಂದೇ ಸ್ವರದ ಎರಡು ಸ್ಥಾಯಿ. ನಾಲ್ಕನೇ ಮತ್ತು ಐದನೇ ಸ್ವರ, 3–12 ಮತ್ತು 1–15, ಅವೂ ಹಾಗೇ. ಪ್ರತಿ ಜೋಡಿಯನ್ನು ಒಟ್ಟಿಗೆ ಮೀಟಿ. ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡುವ ಎಫೆಕ್ಟ್) ಇಲ್ಲದೆ ಕೇಳಿ. ಎರಡೂ ಬೆರೆತು ಒಂದೇ ಆಗಿ ನಿಲ್ಲಬೇಕು. ಅಲೆ ಅಲೆಯಾಗಿ ನಡುಗಿದರೆ ಇಂಟೊನೇಶನ್, ಅಂದರೆ ಫ್ರೆಟ್ ಒತ್ತಿದಾಗಿನ ಶ್ರುತಿ, ತಪ್ಪಿದೆ. ಆಗ 12ನೇ ಫ್ರೆಟ್ ಮೇಲೆ ಹಾರ್ಮೊನಿಕ್ (ಒತ್ತದೆ ಬೆರಳು ತಾಗಿಸಿ ಮೀಟಿದಾಗ ಬರುವ ಸ್ವರ) ನುಡಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ, ಟ್ಯೂನರ್ ನೋಡಿ. ಒತ್ತಿದ ಸ್ವರ ಮೇಲಿದ್ದರೆ ಬ್ರಿಡ್ಜ್‌ನ ಆ ತಂತಿಯ ಸ್ಯಾಡಲ್ (ತಂತಿ ಕೂರುವ ಚಿಕ್ಕ ತುಂಡು) ಹಿಂದಕ್ಕೆ ಹೋಗಬೇಕು, ಅಂದರೆ ನೆಕ್‌ನಿಂದ ದೂರ. ಕೆಳಗಿದ್ದರೆ ಮುಂದಕ್ಕೆ. ಹಳೇ ತಂತಿ ಆಗಿದ್ದರೆ ಮೊದಲು ತಂತಿ ಬದಲಿಸಿ, ಆಮೇಲೆ ಈ ಕೆಲಸ.

ಇನ್ನು ತಂತಿಯ ಎತ್ತರ. 12ನೇ ಫ್ರೆಟ್ ಮೇಲೆ ಫ್ರೆಟ್ಟಿಗೂ ತಂತಿಗೂ ನಡುವೆ ಎಷ್ಟು ಜಾಗ ಇದೆ ನೋಡಿ. ಒಂದು ಎಟಿಎಂ ಕಾರ್ಡ್ 0.76 ಮಿಲಿಮೀಟರ್ ದಪ್ಪ. ಅಕ್ಷರ ಉಬ್ಬಿಲ್ಲದ ಎರಡು ಕಾರ್ಡ್ ಜೋಡಿಸಿದರೆ ಸುಮಾರು ಒಂದೂವರೆ ಮಿಲಿಮೀಟರ್. ಎಲೆಕ್ಟ್ರಿಕ್ ಗಿಟಾರ್‌ನ ತೆಳು ತಂತಿಯ ಕೆಳಗೆ ಎರಡು ಕಾರ್ಡ್ ತೂರಿಸಿದಾಗ ತಂತಿ ಹೆಚ್ಚು ಕಮ್ಮಿ ಅದಕ್ಕೆ ತಾಗಿಕೊಂಡಿರಬೇಕು. ನಾಲ್ಕು ಕಾರ್ಡ್ ಆರಾಮಾಗಿ ತೂರಿದರೆ, ಅಂದರೆ ಮೂರು ಮಿಲಿಮೀಟರ್ ಇದ್ದರೆ, ಆ ಗಿಟಾರ್‌ನಲ್ಲಿ ಈ ರಿಫ್ ಕಲಿಯುವುದು ಕೈಗೆ ಶಿಕ್ಷೆ. ಸೆಟಪ್ ಮಾಡಿಸಿ, ಅಂದರೆ ತಂತಿಯ ಎತ್ತರ ಸರಿ ಮಾಡಿಸಿ. ಮಲೆನಾಡು, ಕರಾವಳಿ ಕಡೆಯವರಿಗೆ ಒಂದು ಮಾತು: ಮಳೆಗಾಲದಲ್ಲಿ ಅಕೂಸ್ಟಿಕ್ ಗಿಟಾರ್‌ನ ಮರ ತೇವ ಹೀರಿ ಮುಂಭಾಗ ಉಬ್ಬುತ್ತದೆ, ತಂತಿ ಮೇಲೇರುತ್ತದೆ. ಏಪ್ರಿಲ್‌ನಲ್ಲಿ ಬರುತ್ತಿದ್ದದ್ದು ಜುಲೈನಲ್ಲಿ ಬರದಿದ್ದರೆ ಅಭ್ಯಾಸ ಕೆಟ್ಟಿದೆ ಅಂದುಕೊಳ್ಳಬೇಡಿ.

ಅಕೂಸ್ಟಿಕ್‌ನಲ್ಲಿ ಇನ್ನೂ ಒಂದು ತೊಡಕು. ನೆಕ್ 14ನೇ ಫ್ರೆಟ್ ಹತ್ತಿರ ಡಬ್ಬಕ್ಕೆ ಸೇರುತ್ತದೆ, ಕೆಲವದರಲ್ಲಿ 12ಕ್ಕೇ. ಕೆಳಗೆ ಕಟ್‌ಅವೇ (ಕೈ ತೂರಲು ಡಬ್ಬದಲ್ಲಿ ಕೊರೆದ ಜಾಗ) ಇಲ್ಲದಿದ್ದರೆ 15ನೇ ಫ್ರೆಟ್‌ಗೆ ಕೈ ತಲುಪುವಾಗ ಮಣಿಕಟ್ಟು ತಿರುಚಿಕೊಳ್ಳುತ್ತದೆ. ಅಂಥ ಗಿಟಾರ್ ಇದ್ದವರು ಬಲಗೈ ಅಭ್ಯಾಸವನ್ನೆಲ್ಲ ಅದರಲ್ಲೇ ಮಾಡಿ. ಎಡಗೈಗೆ ಅದೇ ಆಕಾರವನ್ನು ಐದು ಫ್ರೆಟ್ ಕೆಳಗೆ, 7, 9, 10ರಲ್ಲಿ ಇಟ್ಟುಕೊಳ್ಳಿ. ಸ್ವರ ಬೇರೆ ಬರುತ್ತದೆ, ಚಲನೆ ಅದೇ.

ಎಡಗೈಯೋ ಬಲಗೈಯೋ

ಈಗ ಅಸಲಿ ವಿಷಯಕ್ಕೆ ಬಂದೆವು. ಎರಡು ಕೈ ಬೇರೆ ಬೇರೆ ಮಾಡಿ ನೋಡಬೇಕು. ಇದನ್ನು ಮಾಡದೆ ಏನು ಹೇಳಿದರೂ ಅದು ಊಹೆ.

ಎಡಗೈ ಅಂಗೈಯನ್ನು ಎಲ್ಲಾ ತಂತಿಗಳ ಮೇಲೆ ಮೆತ್ತಗೆ ಇಡಿ. ಯಾವ ಸ್ವರವೂ ಕೇಳಬಾರದು, ಟಕ್ ಟಕ್ ಸದ್ದು ಮಾತ್ರ. ಈಗ ಪಿಕ್‌ನಿಂದ ತಂತಿಗಳ ಕ್ರಮ ಮಾತ್ರ ನುಡಿಸಿ: 4, 2, 3, 3, 1, 3, 1, 3. ಫೋನ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ, ಪಿಕ್ ಕಾಣುವ ಹಾಗೆ. ಇಲ್ಲೂ ಎಡವಿದರೆ ದೋಷ ಬಲಗೈಯದು. ಎಡವದಿದ್ದರೆ ಎಡಗೈಯದು. ನನ್ನ ಅಳಿಯ ಇದನ್ನು ಮಾಡಿ ನೋಡಿದ. ನಾಲ್ಕು ಸಲದಲ್ಲಿ ಮೂರು ಸಲ ಐದನೇ ಹೊಡೆತ ಎರಡನೇ ತಂತಿಗೆ ಬಿತ್ತು. ಎರಡು ತಿಂಗಳಿಂದ ಅವನು ಬೈಯುತ್ತಿದ್ದದ್ದು ಪಾಪ, ಕಿರುಬೆರಳನ್ನು.

ಹಾಗಾದರೆ ಐದನೇ ಹೊಡೆತಕ್ಕೇ ಯಾಕೆ? ಇದನ್ನು ಸ್ವಲ್ಪ ನಿಧಾನವಾಗಿ ನೋಡಿ, ಇಡೀ ರಿಫ್‌ನ ಗುಟ್ಟು ಇಲ್ಲಿದೆ.

ಪಿಕ್ ಅನ್ನು ಒಂದು ಸಲ ಕೆಳಕ್ಕೆ, ಒಂದು ಸಲ ಮೇಲಕ್ಕೆ ಹೊಡೆಯುವುದು ಎಲ್ಲರೂ ಕಲಿತಿರುತ್ತೇವೆ. ಕೆಳಕ್ಕೆ ಅಂದರೆ ನೆಲದ ಕಡೆ, ಮೇಲಕ್ಕೆ ಅಂದರೆ ಸೂರಿನ ಕಡೆ. ಮೊದಲ ಸ್ವರ ನಾಲ್ಕನೇ ತಂತಿ, ಕೆಳಕ್ಕೆ. ಪಿಕ್ ನೆಲದ ಕಡೆ ಹೊರಟಿದೆ. ಮುಂದಿನ ತಂತಿ ಎರಡನೆಯದು, ಅದೂ ನೆಲದ ಕಡೆಯೇ ಇದೆ. ಓಡುವ ದಿಕ್ಕಿನಲ್ಲೇ ಮುಂದಿನ ಮನೆ. ಪಿಕ್ ಅದನ್ನು ದಾಟಿ, ತಿರುಗಿ, ಮೇಲಕ್ಕೆ ಹೊಡೆಯುತ್ತದೆ. ಈಗ ಸೂರಿನ ಕಡೆ ಹೊರಟಿದೆ. ಮೂರನೇ ತಂತಿ ಅಲ್ಲೇ ಇದೆ. ಇಲ್ಲಿಯವರೆಗೆ ಎಲ್ಲಾ ಹೂವಿನ ಹಾಗೆ.

ನಾಲ್ಕನೇ ಸ್ವರ ಮೂರನೇ ತಂತಿ, ಮೇಲಕ್ಕೆ. ಪಿಕ್ ಸೂರಿನ ಕಡೆ ಹೋಯಿತು. ಆದರೆ ಮುಂದಿನ ತಂತಿ ಒಂದನೆಯದು, ಅದು ಇರುವುದು ನೆಲದ ಕಡೆ! ಪಿಕ್ ಹೋಗಬೇಕಾದ ಜಾಗಕ್ಕೆ ಬೆನ್ನು ಹಾಕಿ ನಿಂತಿದೆ. ಅದು ಹಿಂದಿರುಗಿ, ಈಗ ತಾನೇ ಹೊಡೆದ ಮೂರನೇ ತಂತಿಯ ಮೇಲೆ ಹಾರಿ, ಎರಡನೇ ತಂತಿಯನ್ನೂ ಹಾರಿ, ಎರಡು ಮತ್ತು ಒಂದರ ನಡುವಿನ ಸಂದಿಯಲ್ಲಿ ಇಳಿದು, ಅಲ್ಲಿಂದ ಕೆಳಕ್ಕೆ ಹೊಡೆಯಬೇಕು. ಹೊಡೆದ ಮೇಲೆ ಮತ್ತೆ ಅದೇ ಕಥೆ, ತಿರುಗುಮುರುಗಾಗಿ. ಐದು, ಆರು, ಏಳು, ಎಂಟು ಎಲ್ಲವನ್ನೂ ತಲುಪುವುದು ಹೀಗೇ. ನಾಲ್ಕರಿಂದ ಏಳರವರೆಗೆ ಪ್ರತಿ ಹೊಡೆತವೂ ಪಿಕ್ ಅನ್ನು ಬೇಡದ ದಿಕ್ಕಿಗೆ ಎಸೆಯುತ್ತದೆ.

ಅದಕ್ಕೇ ಮೊದಲ ಅರ್ಧ ಸಲೀಸು, ಎರಡನೇ ಅರ್ಧ ಮುಳ್ಳು. ವೇಗ ಇಲ್ಲಿ ದೊಡ್ಡ ಸಮಸ್ಯೆಯೇ ಅಲ್ಲ. ಹಾಡಿನ ವೇಗ ನಿಮಿಷಕ್ಕೆ 125 ಬೀಟ್ ಆಸುಪಾಸು. ಅಂದರೆ ನಿಮಿಷಕ್ಕೆ 250 ಸ್ವರ, ಒಂದೊಂದಕ್ಕೆ ಕಾಲು ಸೆಕೆಂಡಿಗೆ ತುಸು ಕಮ್ಮಿ. ಒಂದೇ ತಂತಿಯ ಮೇಲೆ ಈ ವೇಗ ಬಹುತೇಕ ಎಲ್ಲರಿಗೂ ಬರುತ್ತದೆ. ಬೇಕಾದರೆ ಈಗಲೇ ನೋಡಿ. ಬರುತ್ತದೆ ಅಲ್ವಾ?

ಪರಿಹಾರಕ್ಕೆ ಮೂರು ದಾರಿ ಇದೆ. ನನ್ನ ಮೆಚ್ಚಿನದು ಇದು: ನಾಲ್ಕನೇ ಸ್ವರವನ್ನೂ ಕೆಳಕ್ಕೇ ಹೊಡೆಯಿರಿ. ಆಗ ಕ್ರಮ ಹೀಗಾಗುತ್ತದೆ: ಕೆಳಕ್ಕೆ, ಮೇಲಕ್ಕೆ, ಕೆಳಕ್ಕೆ, ಕೆಳಕ್ಕೆ, ಮೇಲಕ್ಕೆ, ಕೆಳಕ್ಕೆ, ಮೇಲಕ್ಕೆ, ಕೆಳಕ್ಕೆ. ನಾಲ್ಕನೆಯದನ್ನು ಕೆಳಕ್ಕೆ ಹೊಡೆದ ಪಿಕ್ ನೆಲದ ಕಡೆ ಓಡುತ್ತದೆ, ಒಂದನೇ ತಂತಿ ಅಲ್ಲೇ ಕಾದಿರುತ್ತದೆ, ಮೇಲಕ್ಕೆ ಹೊಡೆದರೆ ಆಯಿತು. ಮೂರನೇ ತಂತಿಯ ಸ್ವರಗಳೆಲ್ಲ ಕೆಳಕ್ಕೆ, ಒಂದನೇ ತಂತಿಯವೆಲ್ಲ ಮೇಲಕ್ಕೆ. ಎಂಟನೆಯದೂ ಕೆಳಕ್ಕೆ, ಮುಂದಿನ ಸಾಲಿನ ಮೊದಲನೆಯದೂ ಕೆಳಕ್ಕೆ, ಇಲ್ಲೂ, ಮೂರರಿಂದ ನಾಲ್ಕಕ್ಕೆ ಹೋಗುವಾಗಲೂ ಕೈ ಸ್ವಲ್ಪ ಚುರುಕಾಗಿ ವಾಪಸ್ ಬರಬೇಕು. ಕಾಲು ಸೆಕೆಂಡ್ ಇದೆ, ಸಾಕು. ಜೊತೆಗೆ ಸಾಲಿನ ಮೊದಲ ಸ್ವರಕ್ಕೆ ಒಳ್ಳೆ ಒತ್ತು ಸಿಗುತ್ತದೆ, ಅದು ಬೇಕೇ ಬೇಕು.

ಎರಡನೇ ದಾರಿ, ಪಿಕ್ ಹಿಡಿದುಕೊಂಡೇ ಒಂದನೇ ತಂತಿಯನ್ನು ಬಲಗೈ ನಡುಬೆರಳಿನಿಂದ ಮೀಟುವುದು. ದಾಟುವ ಪ್ರಶ್ನೆಯೇ ಹೋಗುತ್ತದೆ. ಆದರೆ ಬೆರಳಿನ ಸದ್ದು ಪಿಕ್ಕಿನ ಸದ್ದಿಗಿಂತ ಮೆತ್ತಗೆ. ಎರಡನ್ನೂ ಸಮ ಮಾಡಲು ಸಮಯ ಬೇಕು. ಮೂರನೆಯದು, ಮಾಮೂಲಿ ಕ್ರಮದಲ್ಲೇ ಮುಂದುವರಿದು, ಪಿಕ್ ತಂತಿಯೊಳಗೆ ಇಳಿಯುವ ಆಳ ಕಮ್ಮಿ ಮಾಡುವುದು. ಪಿಕ್‌ನ ತುದಿ ಒಂದೆರಡು ಮಿಲಿಮೀಟರ್ ಮಾತ್ರ ತಾಗಬೇಕು. ಇದು ಹೇಗೂ ಒಳ್ಳೆ ಅಭ್ಯಾಸ. ತೀರಾ ತೆಳು ಪಿಕ್ ಬಾಗಿ ತಡವಾಗಿ ಬಿಡುಗಡೆ ಆಗುತ್ತದೆ. 0.88 ಅಥವಾ 1 ಮಿಲಿಮೀಟರಿನದು ಇರಲಿ.

ಯಾವುದೋ ಒಂದು ಆರಿಸಿಕೊಳ್ಳಿ. ಇವತ್ತು ಒಂದು, ನಾಳೆ ಇನ್ನೊಂದು ಮಾಡಿದರೆ ಕೈಗೆ ಯಾವುದೂ ಕೂರುವುದಿಲ್ಲ.

ಎಡಗೈ ಕಡೆಯ ದೋಷಗಳು

ಟಕ್ ಟಕ್ ಪರೀಕ್ಷೆಯಲ್ಲಿ ಪಾಸಾದವರು ಇಲ್ಲಿ ಹುಡುಕಬೇಕು. ನಾನು ಹೇಳುವ ಬೆರಳುಗಳು ಇವು: 12ನೇ ಫ್ರೆಟ್ ಎಲ್ಲಾ ತೋರುಬೆರಳು. 3–14 ನಡುಬೆರಳು. 15ನೇ ಫ್ರೆಟ್ ಎರಡೂ ಕಿರುಬೆರಳು. 1–14 ಉಂಗುರಬೆರಳು.

"ಕಿರುಬೆರಳು ಎಟುಕುವುದಿಲ್ಲ" ಅನ್ನುವವರಿದ್ದಾರೆ. ಅಳತೆ ನೋಡಿ. 12ರಿಂದ 15ನೇ ಫ್ರೆಟ್‌ಗೆ ಸುಮಾರು 5 ಸೆಂಟಿಮೀಟರ್. ಅದೇ ಮೂರು ಫ್ರೆಟ್ ಅಂತರ 1ರಿಂದ 4ಕ್ಕೆ ಹತ್ತಿರ ಹತ್ತಿರ 10 ಸೆಂಟಿಮೀಟರ್. ಎಟುಕದೆ ಇರುವುದು ಬೆರಳಿನ ಉದ್ದದಿಂದಲ್ಲ. ಹೆಬ್ಬೆರಳು ನೆಕ್‌ನ ಮೇಲೆ ಹತ್ತಿ ಕೂತು ಅಂಗೈ ನೆಕ್‌ಗೆ ಅಂಟಿಕೊಂಡಿರುವುದರಿಂದ. ಹೆಬ್ಬೆರಳನ್ನು ನೆಕ್‌ನ ಹಿಂಬದಿಗೆ ಇಳಿಸಿ. ತಕ್ಷಣ ಎಟುಕುತ್ತದೆ.

ಐದನೇ ಸ್ವರದ ಜೊತೆ ಇನ್ನೊಂದು ಸ್ವರ ಮೆಲ್ಲಗೆ ಇಣುಕಿದರೆ, ಅದು ನಡುಬೆರಳು ಅವಸರ ಮಾಡಿದ್ದು. ನಾಲ್ಕನೇ ಸ್ವರದಿಂದ ಮೂರನೇ ತಂತಿ ಇನ್ನೂ ನಡುಗುತ್ತಿರುತ್ತದೆ. ನಡುಬೆರಳು ಆರನೇ ಸ್ವರಕ್ಕೆ ಅಂತ ಬೇಗ ಬಂದು ಬಿದ್ದರೆ ತಂತಿ ತಾನಾಗೇ ನುಡಿಯುತ್ತದೆ. ಡಿಸ್ಟಾರ್ಷನ್ ಇದ್ದಾಗ ಇದು ಸ್ಪಷ್ಟವಾಗಿ ಕೇಳುತ್ತದೆ. ನಡುಬೆರಳು ತಂತಿಯ ಹತ್ತಿರ ಕಾಯಲಿ, ಆರನೇ ಸ್ವರ ಹೊಡೆಯುವ ಹೊತ್ತಿಗೇ ಬೀಳಲಿ.

ಇದಕ್ಕೆ ಉಲ್ಟಾ ದೋಷವೂ ಇದೆ. ಆರು ಮತ್ತು ಎಂಟನೇ ಸ್ವರ ಒಂದೇ ಜಾಗ, 3–14. ನಡುವೆ ನಡುಬೆರಳು ಎತ್ತುವ ಅಗತ್ಯವೇ ಇಲ್ಲ. ಬಹಳ ಜನ ಎತ್ತುತ್ತಾರೆ, ಮತ್ತೆ ಇಡುತ್ತಾರೆ. ಅಲ್ಲಿ ಸಮಯ ಸೋರುತ್ತದೆ. ಹಾಗೆಯೇ ಕಿರುಬೆರಳು 1–15 ಒತ್ತುವಾಗಲೇ ಉಂಗುರಬೆರಳನ್ನು 1–14ರ ಮೇಲೆ ಕೂರಿಸಿಬಿಡಿ. ಏಳನೇ ಸ್ವರಕ್ಕೆ ಕಿರುಬೆರಳು ಎತ್ತಿದರೆ ಸಾಕು, ಹೊಸದಾಗಿ ಏನೂ ಒತ್ತಬೇಕಿಲ್ಲ. ಏಳನೇ ಸ್ವರ ಒಣಗಿದ ಹಾಗೆ ಕೇಳುವವರಿಗೆ ಔಷಧಿ ಇದೇ. ನೋಡಿದಿರಾ, ಏಳರ ತಪ್ಪು ಐದರಲ್ಲಿ ಸರಿಯಾಗುತ್ತದೆ.

ಮೂರನೇ ಸಾಲಿನಲ್ಲಿ, ಅಂದರೆ 4–14ರಿಂದ ಶುರುವಾಗುವ ಸಾಲಿನಲ್ಲಿ, ಮಾತ್ರ ಕೆಡುತ್ತಿದ್ದರೆ ಬೆರಳು ಆರಿಸಿದ್ದೇ ತಪ್ಪಿರಬಹುದು. 4–14ನ್ನು ನಡುಬೆರಳಲ್ಲಿ ಒತ್ತಿದರೆ ಅದೇ ಬೆರಳು ಒಂದು ಸ್ವರದ ಅಂತರದಲ್ಲಿ 3–14ಕ್ಕೆ ನೆಗೆಯಬೇಕು. ಉಂಗುರಬೆರಳಲ್ಲಿ ಒತ್ತಿ ನೋಡಿ. ಅದಕ್ಕೆ ಏಳನೇ ಸ್ವರದವರೆಗೆ ಬೇರೆ ಕೆಲಸ ಇಲ್ಲ. ಕೆಲವರ ಕೈಗೆ ಇದು ಇಕ್ಕಟ್ಟು ಅನ್ನಿಸುತ್ತದೆ, ಅವರು ನೆಗೆಯುವುದನ್ನೇ ರೂಢಿ ಮಾಡಿಕೊಳ್ಳಲಿ.

ಗಲೀಜು ಸದ್ದು

ಸ್ವರ ಸರಿ, ಕಾಲ ಸರಿ, ಆದರೂ ಗೊಜ್ಜಿನ ಹಾಗೆ ಕಲಸಿಕೊಂಡಿದೆ ಅನ್ನಿಸುತ್ತದಾ? ಮೊದಲು ಆಂಪ್‌ನ ಗೇನ್ (ಡಿಸ್ಟಾರ್ಷನ್ ಏರಿಸುವ ಗುಂಡಿ) ಅರ್ಧ ಇಳಿಸಿ. ಈ ಶುರುವಿನ ರಿಫ್‌ಗೆ ಜನ ಅಂದುಕೊಂಡಷ್ಟು ಡಿಸ್ಟಾರ್ಷನ್ ಬೇಡ. ತಂತಿಯ ಸದ್ದು ಹಿಡಿಯುವ, ನೆಕ್ ಕಡೆಯ ಪಿಕಪ್‌ನಲ್ಲಿ ನುಡಿಸಿ ನೋಡಿ, ದುಂಡನೆಯ ಸದ್ದು ಬರುತ್ತದೆ.

ಆಮೇಲೂ ಕಲಸಿಕೊಂಡರೆ, ಹಿಂದಿನ ಸ್ವರ ಸಾಯುತ್ತಿಲ್ಲ ಅಂತ ಅರ್ಥ. ಎಲ್ಲಿ ಜಾಸ್ತಿ ಕೇಳುತ್ತದೆ ಅಂತ ಗಮನಿಸಿ. 4–14ರ ಸಾಲಿನಲ್ಲಿ ಆಗಿದ್ದರೆ ಕಾರಣ ಇದು: ಕೆಳಗಿನ ಇ ಮತ್ತು ಮೇಲಿನ ಡಿ ಒಟ್ಟಿಗೆ ಉಳಿದುಕೊಂಡಿವೆ. 4–12ರ ಸಾಲಿನಲ್ಲಿ ಎರಡೂ ಡಿ ಆದ್ದರಿಂದ ಒಂದಕ್ಕೊಂದು ಹೊಂದಿಕೊಂಡು ದೋಷ ಮುಚ್ಚಿಹೋಗಿರುತ್ತದೆ. ದೋಷ ಎರಡೂ ಕಡೆ ಇದೆ, ಬಯಲಾಗುವುದು ಒಂದು ಕಡೆ. ಬೆರಳನ್ನು ತಂತಿಯಿಂದ ಪೂರ್ತಿ ಎತ್ತಬೇಡಿ. ಒತ್ತಡ ಬಿಡಿ, ಬೆರಳು ತಂತಿ ಮೇಲೇ ಇರಲಿ. ಆಗ ತಂತಿ ಸುಮ್ಮನಾಗುತ್ತದೆ. ಐದು, ಆರನೇ ದಪ್ಪ ತಂತಿಗಳಿಗೆ ಬಲಗೈ ಅಂಗೈಯ ಅಂಚು ತಾಗಿರಲಿ.

ಒಂದು ವೇಗದಲ್ಲಿ ಗೋಡೆಗೆ ಬಡಿದ ಹಾಗೆ ನಿಂತರೆ

ಮೆಟ್ರೊನೋಮ್ (ತಾಳ ಬಡಿಯುವ ಯಂತ್ರ ಅಥವಾ ಆಪ್) 60ಕ್ಕೆ ಇಟ್ಟು ಶುರು ಮಾಡಿ, ಬೀಟಿಗೆ ಎರಡು ಸ್ವರ. ಸಾಲಾಗಿ ನಾಲ್ಕು ಸಲ ತಪ್ಪಿಲ್ಲದೆ ಬಂದರೆ ನಾಲ್ಕು ಹೆಜ್ಜೆ ಏರಿಸಿ. ಒಂದು ಕಡೆ ಕೆಡುತ್ತದೆ. ಆ ಅಂಕಿ ಬರೆದಿಟ್ಟುಕೊಳ್ಳಿ. ಮರುದಿನ ಅಲ್ಲಿಂದ ಶುರು ಮಾಡಬೇಡಿ, 20 ಕಮ್ಮಿಯಿಂದ ಶುರು ಮಾಡಿ.

ಅದೇ ಅಂಕಿಯಲ್ಲಿ ವಾರಗಟ್ಟಲೆ ನಿಂತರೆ ಏರಿಸುವುದನ್ನು ಬಿಡಿ. ತುಂಡು ಮಾಡಿ. ನಾಲ್ಕು ಮತ್ತು ಐದು, ಈ ಎರಡೇ ಸ್ವರವನ್ನು ಪೂರ್ತಿ 125ರ ವೇಗದಲ್ಲಿ ಹೊಡೆದು ನಿಲ್ಲಿಸಿ. ಉಸಿರು ಬಿಡಿ. ಮತ್ತೆ ಹೊಡೆಯಿರಿ. ಆಮೇಲೆ ಮೂರು, ನಾಲ್ಕು, ಐದು. ಆಮೇಲೆ ನಾಲ್ಕು, ಐದು, ಆರು. ಪೂರ್ತಿ ವೇಗದ ಚಲನೆ ನಿಧಾನದ ಚಲನೆಗಿಂತ ಬೇರೆಯೇ ಇರುತ್ತದೆ, ಸಣ್ಣದಾಗಿರುತ್ತದೆ. ಕೈ ಅದನ್ನು ಒಮ್ಮೆ ರುಚಿ ನೋಡಬೇಕು. ಕರ್ನಾಟಕ ಸಂಗೀತದಲ್ಲಿ ವರಸೆಗಳನ್ನು ಮೂರು ಕಾಲದಲ್ಲಿ ಹಾಡಿಸುತ್ತಾರಲ್ಲ, ನನಗೆ ಆ ಪದ್ಧತಿ ಇಲ್ಲಿ ತುಂಬಾ ಉಪಯೋಗಕ್ಕೆ ಬಂತು. ಮೆಟ್ರೊನೋಮ್ ಬದಲಿಸದೆ 62ಕ್ಕೆ ಇಟ್ಟು, ಬೀಟಿಗೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಮೂರನೇ ಕಾಲದಲ್ಲಿ ಹಾಡಿನ ವೇಗ ತಾನಾಗೇ ಬಂದಿರುತ್ತದೆ.

ಮೊಣಕೈ ಹತ್ತಿರ ಅಥವಾ ಮಣಿಕಟ್ಟಿನಲ್ಲಿ ನೋವು ಬಂದರೆ ಅವತ್ತಿಗೆ ನಿಲ್ಲಿಸಿ. ಬೆರಳ ತುದಿ ಉರಿಯುವುದು ಬೇರೆ, ಅದು ಗಟ್ಟಿಯಾಗುತ್ತದೆ. ಕೀಲಿನ ನೋವಿನ ಮೇಲೆ ಅಭ್ಯಾಸ ಮಾಡಬಾರದು.

ಹಾಡಿನ ಜೊತೆ ಕಾಲ ತಪ್ಪುವುದು

ಮೆಟ್ರೊನೋಮ್ ಜೊತೆ ಬರುತ್ತದೆ, ಹಾಡಿನಲ್ಲಿ ಡ್ರಮ್ ಸೇರಿದ ಕೂಡಲೇ ಜಾರುತ್ತದೆ. ಇದಕ್ಕೆ ಹೆಚ್ಚಿನ ಸಲ ಕಾರಣ ಒತ್ತು. ಕಿವಿಗೆ ಮೇಲಿನ ಸ್ವರಗಳು ಎದ್ದು ಕೇಳುವುದರಿಂದ ನಾವು ಎರಡನೇ ಸ್ವರಕ್ಕೆ ಒತ್ತು ಕೊಡುತ್ತೇವೆ. ಆಗ ಮನಸ್ಸಿನಲ್ಲಿ ಸಾಲು ಎರಡನೇ ಸ್ವರದಿಂದ ಶುರುವಾಗುತ್ತದೆ. ಡ್ರಮ್ ಬಂದು ನಿಜವಾದ ಬೀಟ್ ತೋರಿಸಿದಾಗ ಗಾಬರಿ. ಒಂದನೇ ಸ್ವರಕ್ಕೂ ಐದನೇ ಸ್ವರಕ್ಕೂ ಕಾಲು ತಟ್ಟಿ, ಒತ್ತು ಕೊಟ್ಟು ಕಲಿಯಿರಿ.

ಯೂಟ್ಯೂಬ್‌ನಲ್ಲಿ ವೇಗ 0.5ಕ್ಕೆ ಇಟ್ಟರೆ ಹಾಡು ಸುಮಾರು 62ಕ್ಕೆ ಇಳಿಯುತ್ತದೆ, 0.75ಕ್ಕೆ 94. ಶ್ರುತಿ ಬದಲಾಗುವುದಿಲ್ಲ. ಹಾಗೆ ಮೆಟ್ಟಿಲು ಹತ್ತಿ.

ಇನ್ನೊಂದು ದೋಷ ಈಚೆಗೆ ಜಾಸ್ತಿ ಕಾಣುತ್ತಿದ್ದೇನೆ. ಗಿಟಾರನ್ನು ಫೋನಿನ ಆಂಪ್ ಆಪ್‌ಗೆ ಜೋಡಿಸಿ, ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಕೇಳುವುದು. ಬ್ಲೂಟೂತ್‌ನಲ್ಲಿ ಸದ್ದು ಸಾಮಾನ್ಯವಾಗಿ 100ರಿಂದ 300 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಈ ರಿಫ್‌ನ ಒಂದು ಸ್ವರದ ಆಯುಸ್ಸೇ 240 ಮಿಲಿಸೆಕೆಂಡ್. ಅಂದರೆ ನೀವು ಹೊಡೆದದ್ದು ಹೆಚ್ಚು ಕಮ್ಮಿ ಒಂದು ಸ್ವರ ತಡವಾಗಿ ಕೇಳುತ್ತದೆ. ಯಾರಿಗೂ ಹಾಗೆ ನುಡಿಸಲು ಆಗುವುದಿಲ್ಲ. ವೈರ್ ಇರುವ ಇಯರ್‌ಫೋನ್ ಹಾಕಿ.

ಅಳಿಯ ಕಳೆದ ಭಾನುವಾರ ಹೊಸ ರೆಕಾರ್ಡಿಂಗ್ ಕಳಿಸಿದ. ಐದನೇ ಸ್ವರ ಗಂಟೆ ಬಡಿದ ಹಾಗೆ ಬಂದಿದೆ. ವೇಗ 104. ಆದರೆ ಐದನೇ ಸಾಲಿನ ಮೊದಲ ಸ್ವರ ಕೂದಲೆಳೆಯಷ್ಟು ತಡ, ಅಂದರೆ 3–14ರಿಂದ 3–12ಕ್ಕೆ ಇಳಿಯುವ ಜಾಗ. "ಮೊದಲ ಸ್ವರ ಬಿಡು ಕಣೋ, ಅದಕ್ಕೆ ಮುಂಚೆ ತೋರುಬೆರಳು ಎಲ್ಲಿದೆ ನೋಡು" ಅಂದೆ. ಎರಡು ನಿಮಿಷ ಆದ ಮೇಲೆ ಬರೆದ: "ಗಾಳೀಲಿದೆ ಮಾವ." ಎಂಟನೇ ಸ್ವರದ ಹೊತ್ತಿಗೇ ತೋರುಬೆರಳು 3–12ರ ಮೇಲೆ, ನಡುಬೆರಳಿನ ಹಿಂದೆ, ಕೂತಿರಬೇಕು. ಈ ವಾರ ಅವನ ಪಾಠ ಅಷ್ಟೇ: ಎಂಟು ಮತ್ತು ಒಂದು, ಎರಡೇ ಸ್ವರ.